ಯಾರು ಶಾಲೆ ಬಿಟ್ಟರು, ಯಾರನ್ನು ಬಿಡಿಸಿದರು?

‘ಶಾಲೆ ಬಿಟ್ಟ ಮಕ್ಕಳು’ ಎಂಬ ಮಾತು ಶಿಕ್ಷಣ ಇಲಾಖೆಗೆ, ಪತ್ರಿಕೆಗಳಿಗೆ, ನಮ್ಮಂಥ ಸಂಶೋಧಕರಿಗೂ ಬಹಳ ಅನುಕೂಲದ್ದು. ಬಿಟ್ಟದ್ದು ಮಗು, ಹಾಗಾಗಿ ಕಾರಣವನ್ನೂ ಅದರ ಮನೆಯಲ್ಲೇ ಹುಡುಕಬಹುದು: ಬಡತನ, ಗುಳೆ, ಅಪ್ಪನ ಕುಡಿತ. ಶಾಲೆ ಏನು ಮಾಡಿತು ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಕೇಳುತ್ತಾರೆ. 2013-14ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಜನಾಂಗದ ಮಕ್ಕಳು ಶೇ 15.5ರಷ್ಟಿದ್ದರು, ಅಮಾನತಾದವರಲ್ಲಿ ಅವರ ಪಾಲು ಸುಮಾರು ಶೇ 39. ಅಲ್ಲಿನ ಸರ್ಕಾರದ್ದೇ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ಕೊಟ್ಟ ಲೆಕ್ಕ ಇದು. ಅನ್ಯಾಯವೇನೂ ಮುಗಿದಿಲ್ಲ, ಆದರೆ ಜಗಳಕ್ಕೆ ನಿಲ್ಲಲು ಒಂದು ಅಂಕಿಯಿದೆ.

ನಮ್ಮಲ್ಲಿ? 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಆದ್ದರಿಂದ ನಾವು ಯಾರನ್ನೂ ಹೊರಹಾಕುವುದಿಲ್ಲ. ‘ನಿಮ್ಮಪ್ಪನ್ನ ಕರ್ಕೊಂಡು ಬಾ, ಅಲ್ಲೀತನಕ ಒಳಗ ಬರಬ್ಯಾಡ’ ಎನ್ನುತ್ತೇವೆ, ಅಷ್ಟೆ.

ಈ ಮಾತಿನ ತೂಕ ಎಲ್ಲ ಅಪ್ಪಂದಿರಿಗೂ ಒಂದೇ ಅಲ್ಲ. ನಾನು ಓದುವಾಗ ಕುಕ್ಕುವಾಡದ ಕಡೆ ಒಂದೇ ಗಲಾಟೆಗೆ ಏಳನೇ ತರಗತಿಯ ಇಬ್ಬರನ್ನು ಮನೆಗೆ ಕಳಿಸಿದರು. ಒಬ್ಬನ ಅಪ್ಪ ಜಮೀನ್ದಾರರು. ಮಧ್ಯಾಹ್ನವೇ ಬೈಕಿನಲ್ಲಿ ಬಂದು, ಹೆಡ್‌ಮಾಸ್ಟರ ಎದುರು ಕುರ್ಚಿಯಲ್ಲಿ ಕೂತು ಚಹಾ ಕುಡಿದು ಹೋದರು. ಇನ್ನೊಬ್ಬನ ಅಪ್ಪ ಅವರದೇ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದರು. ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ಹಂಗಾಮು; ಕೂಲಿ ಬಿಟ್ಟು ಬಂದರೂ ಬಾಗಿಲಲ್ಲೇ ನಿಂತು ಬೈಸಿಕೊಳ್ಳಬೇಕು. ಅವರು ಬರಲಿಲ್ಲ. ಕೇರಿಯ ಆ ಹುಡುಗನೂ ಮತ್ತೆ ಬರಲಿಲ್ಲ. ಜೂನ್‌ನಲ್ಲಿ ಟಿ.ಸಿ. ಬರೆದರು. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ. ನಡತೆ: ಉತ್ತಮ. ಉತ್ತಮವಾಗಿದ್ದರೆ ಕಳಿಸಿದ್ದೇಕೆ ಸ್ವಾಮಿ?

ಒಂಬತ್ತನೇ ತರಗತಿಗೆ ಬಂದರೆ ಕಾಯ್ದೆಯ ಈ ಕಾವಲೂ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಡದಿರಲೆಂದು ‘ದಡ್ಡ’ರಿಗೆ ಟಿ.ಸಿ. ಕೊಟ್ಟು ಸಾಗಹಾಕುವ ಶಾಲೆಗಳಿರುವುದು ಗುಟ್ಟೇನಲ್ಲ.

ಇನ್ನು 2022. ಫೆಬ್ರವರಿ 5ರ ಸಮವಸ್ತ್ರ ಆದೇಶದ ಬೆನ್ನಿಗೇ ಹರಿಹರ, ದಾವಣಗೆರೆಗಳಲ್ಲಿ ಕಲ್ಲು ತೂರಾಟವಾಯಿತು, ಸುದ್ದಿಯಾದದ್ದೂ ಕಲ್ಲುಗಳೇ. ಜೂನ್‌ನಲ್ಲಿ ಉಪ್ಪಿನಂಗಡಿಯ ಕಾಲೇಜು ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ಅಮಾನತು ಮಾಡಿದ್ದು ಕಾಗದದ ಮೇಲಾದರೂ ಇದೆ. ಗೇಟಿನ ಹೊರಗೆ ನಿಂತು ಹಿಂದಿರುಗಿದವರು ಹಾಜರಿ ಪುಸ್ತಕದಲ್ಲಿ ಬರೀ ‘ಗೈರು’. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅಷ್ಟರಲ್ಲಿ ಒಂದು ಶೈಕ್ಷಣಿಕ ವರ್ಷ ಕಳೆದುಹೋಗಿತ್ತು.

ಶಾಲೆಯೊಳಗೆ ಜಾತಿ ಲೆಕ್ಕ ತರಬೇಡಿ ಎನ್ನುವ ಗೆಳೆಯರಿದ್ದಾರೆ. ದಾಖಲಾತಿ ಅರ್ಜಿಯಲ್ಲಿ ಜಾತಿ, ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರ. ಒಳಗೆ ಬರುವಾಗ ಬರೆದುಕೊಂಡದ್ದನ್ನು ಹೊರಗೆ ಕಳಿಸುವಾಗ ಎಣಿಸಬಾರದೆಂದರೆ ಹೇಗೆ? ಮಗುವನ್ನು ತರಗತಿಯಿಂದ ಹೊರಗಿಟ್ಟ ಪ್ರತಿ ದಿನವೂ ಕಾರಣ ಮತ್ತು ಕಳಿಸಿದವರ ಸಹಿಯೊಂದಿಗೆ ದಾಖಲಾಗಲಿ. ವರ್ಷಕ್ಕೊಮ್ಮೆ, ಮಕ್ಕಳ ಹೆಸರಿಲ್ಲದೆ, ಜಾತಿವಾರು ಧರ್ಮವಾರು ಲೆಕ್ಕವನ್ನು ಬಿಇಒ ಕಚೇರಿಯ ಫಲಕಕ್ಕೆ ಅಂಟಿಸಲಿ. ದಾವಣಗೆರೆ, ಹರಿಹರ ತಾಲ್ಲೂಕುಗಳಿಂದಲೇ ಶುರುವಾಗಲಿ. ಎಣಿಸಲು ಜನ ಸಾಲದಿದ್ದರೆ ನಾನೇ ಬರುತ್ತೇನೆ.