ಪತ್ತೇದಾರನ ಶೋಕ

ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವ ಪಂಡಿತರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದಲೇ ಕನ್ನಡ ಓದಿನ ರುಚಿ ಹತ್ತಿಸಿಕೊಂಡವರು ನಮ್ಮ ಕುದೂರು, ಮಾಗಡಿಯ ಕಡೆಯಲ್ಲಿಯೂ ಉಂಟು. ಈ ಜಾತಿಯ ಬರೆಹಕ್ಕೂ ಒಂದು ಒರೆಗಲ್ಲು ಬೇಕು. ನಾಯಕನಿಗೆ ಒದಗಿದ ಪತ್ನೀವಿಯೋಗ ಅವನನ್ನು ಬದಲಿಸಿತೆ, ಇಲ್ಲವೆ ಕಥೆಗೊಂದು ನೆಪವಾಯಿತೆ ಎಂಬುದೇ ಆ ಒರೆಗಲ್ಲು.

ಕಾನನ್ ಡಾಯ್ಲನ ವಾಟ್ಸನ್ನನಿಗೆ ಒದಗಿದ ವಿಯೋಗದ ಸುಳಿವು 1903ರ ಕಥೆಯೊಂದರಲ್ಲಿ ಬಂದು, ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಅವನು ಹೋಮ್ಸನ ಮನೆಗೆ ಮರಳಲು ಅನುಕೂಲವಾಯಿತು, ಅಷ್ಟೆ.

ಇಯಾನ್ ಫ್ಲೆಮಿಂಗನ ಜೇಮ್ಸ್ ಬಾಂಡ್ ಹಾಗಲ್ಲ. 1963ರ ಕಾದಂಬರಿಯ ಕೊನೆಯಲ್ಲಿ, ಮದುವೆಯಾದ ದಿನವೇ, ಪತ್ನಿ ಟ್ರೇಸಿ ಶತ್ರುಗಳ ಗುಂಡಿಗೆ ಬಲಿಯಾಗುತ್ತಾಳೆ. 1964ರ ಮುಂದಿನ ಕಾದಂಬರಿಯ ಆರಂಭದಲ್ಲಿ ನಾವು ಕಾಣುವ ಬಾಂಡ್ ಕುಡಿತಕ್ಕೆ ಬಿದ್ದವನು, ಒಪ್ಪಿಸಿದ ಕೆಲಸ ಕೆಡಿಸಿದವನು, ಮೇಲಧಿಕಾರಿಗೆ ಹೊರೆಯಾದವನು. ಸಾಹಸಿಯು ಸೋತು ಕುಳಿತ ಈ ಪುಟಗಳಲ್ಲಿ ಮನುಷ್ಯನ ಉಸಿರಿದೆ. ಆದರೆ ಜಪಾನಿನಲ್ಲಿ ಶತ್ರು ಬ್ಲೋಫೆಲ್ಡ್ ಸಿಕ್ಕೊಡನೆ ಶೋಕವೆಲ್ಲ ಸೇಡಾಗುತ್ತದೆ. ಕೊನೆಗೆ ನಾಯಕನ ನೆನಪೇ ಅಳಿಯುತ್ತದೆ. ನೆನಪಿಲ್ಲದವನಿಗೆ ದುಃಖವೆಲ್ಲಿಯದು? ಲೇಖಕನು ಸುಲಭದ ದಾರಿ ಹಿಡಿದನು.

ಕಾಳಿದಾಸನ ರಘುವಂಶದ ಅಜನನ್ನು ನೋಡಿ. ಇಂದುಮತಿಯನ್ನು ಕೊಂದದ್ದು ಹೂಮಾಲೆ. ಸೇಡಿಗೆ ಶತ್ರುವೇ ಇಲ್ಲ. ವಸಿಷ್ಠರ ಉಪದೇಶವೂ ಎದೆಗಿಳಿಯಲಿಲ್ಲ. ಆದರೂ ಬಾಲಕ ದಶರಥನಿಗಾಗಿ ಅವನು ಎಂಟು ವರ್ಷ ಜೀವ ಹಿಡಿದಿದ್ದನು.

ಕೊಲೆಗಾರನನ್ನು ಕೊಂದೊಡನೆ ಸಾವಿನ ಲೆಕ್ಕ ತೀರುವುದಿಲ್ಲ. ಮರುದಿನದ ಬೆಳಗು ಬಂದೇ ಬರುತ್ತದೆ. ಆ ಬೆಳಗನ್ನು ಬರೆಯಬಲ್ಲ ಪತ್ತೇದಾರಿ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಹೇಳಲು ಯಾವ ಅಧ್ಯಾಪಕನೂ ನಾಚಬೇಕಾಗಿಲ್ಲ.