ಆನೆಗೆ ನಕ್ಷೆ ಓದಲು ಬಾರದು

ಎರಡು ಕಾಡುಗಳಿವೆ ಎಂದುಕೊಳ್ಳೋಣ. ಎರಡರ ವಿಸ್ತೀರ್ಣವೂ 100 ಚದರ ಕಿಲೋಮೀಟರ್. ಒಂದು 10 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಚೌಕ. ಇನ್ನೊಂದು ನದಿಯ ಗುಂಟ ಸಾಗುವ ಪಟ್ಟಿ. ಉದ್ದ 50 ಕಿ.ಮೀ., ಅಗಲ ಬರೀ 2 ಕಿ.ಮೀ. ಕಡತದಲ್ಲಿ ಎರಡೂ ಸಮ. ಆದರೆ ಹುಲಿಗೆ?

ಕಾಡಿನ ಅಂಚು ಅದರ ಒಳಭಾಗದಂತಿರುವುದಿಲ್ಲ. ಅಂಚಿನಲ್ಲಿ ಬಿಸಿಲು, ಗಾಳಿ ಹೆಚ್ಚು. ನೆಲ ಬೇಗ ಒಣಗುತ್ತದೆ. ಲಂಟಾನದಂಥ ಕಳೆಗಳು ನುಗ್ಗುತ್ತವೆ. ದನಕರು ಮೇಯುತ್ತವೆ, ಜನ ಸೌದೆ ಆರಿಸುತ್ತಾರೆ, ಬೇಸಿಗೆಯಲ್ಲಿ ಬೆಂಕಿಯೂ ಸಾಮಾನ್ಯವಾಗಿ ಅಲ್ಲಿಂದಲೇ ಒಳಹೊಗುತ್ತದೆ. ಇದಕ್ಕೆ ವಿಜ್ಞಾನಿಗಳು ‘ಅಂಚಿನ ಪರಿಣಾಮ’ ಎನ್ನುತ್ತಾರೆ. ಈ ಪರಿಣಾಮ ಒಂದು ಕಿ.ಮೀ. ಆಳದವರೆಗೆ ತಟ್ಟುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಚೌಕದ ಒಳಗೆ 8×8, ಅಂದರೆ 64 ಚದರ ಕಿ.ಮೀ. ನೆಮ್ಮದಿಯ ಕಾಡು ಉಳಿಯುತ್ತದೆ. ಪಟ್ಟಿಯಲ್ಲಿ ಎರಡೂ ಬದಿಯ ಅಂಚುಗಳು ನಟ್ಟನಡುವೆ ಕೂಡಿಬಿಡುತ್ತವೆ, ಉಳಿಯುವುದು ಸೊನ್ನೆ! ಇನ್ನು ಆ ಚೌಕವನ್ನೇ ಎರಡು ರಸ್ತೆಗಳು ನಾಲ್ಕು ಸಮಭಾಗ ಮಾಡಿದರೆ ಒಂದೊಂದರಲ್ಲೂ 3×3, ಒಟ್ಟು 36 ಚದರ ಕಿ.ಮೀ. ಮಾತ್ರ. ಎರಡು ಗೆರೆ ಎಳೆದಷ್ಟಕ್ಕೇ 28 ಚದರ ಕಿ.ಮೀ. ನಷ್ಟ.

ದ್ವೀಪಗಳ ಹಕ್ಕಿಗಳನ್ನು ಅಭ್ಯಸಿಸಿದ ಅಮೆರಿಕದ ಜೇರೆಡ್ ಡೈಮಂಡ್ 1975ರಲ್ಲಿ ಇಂಥ ಸೂತ್ರಗಳನ್ನು ಮುಂದಿಟ್ಟರು. ಅಭಯಾರಣ್ಯ ದೊಡ್ಡದಿರಲಿ, ಆದಷ್ಟು ದುಂಡಗಿರಲಿ. ತುಂಡುಗಳಾಗಿದ್ದರೆ ಅವು ಹತ್ತಿರವಿರಲಿ, ನಡುವೆ ದಾರಿಯಿರಲಿ. ‘ಒಂದು ದೊಡ್ಡದೋ, ಹಲವು ಚಿಕ್ಕವೋ’ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆನೆ, ಹುಲಿಗಳಂಥ ವಿಶಾಲ ನೆಲೆ ಬೇಡುವ ಪ್ರಾಣಿಗಳಿಗೆ ಚೂರುಪಾರು ಕಾಡು ಸಾಲದು.

ಹಾಗೆಂದು ಕಾಡಿನ ಸುತ್ತ ಒಂದೇ ಗೆರೆ ಎಳೆದು, ಇತ್ತ ಪ್ರಾಣಿ, ಅತ್ತ ಮನುಷ್ಯ ಎನ್ನಲಾದೀತೆ? ಅದಕ್ಕೇ ವಲಯಗಳ ಏರ್ಪಾಡು. ಯುನೆಸ್ಕೋ 1971ರಲ್ಲಿ ಆರಂಭಿಸಿದ ‘ಮನುಷ್ಯ ಮತ್ತು ಜೀವಗೋಳ’ ಕಾರ್ಯಕ್ರಮ ಇದಕ್ಕೆ ರೂಪ ಕೊಟ್ಟಿತು. ನಡುವೆ, ಕೈಹಚ್ಚಬಾರದ ಕೇಂದ್ರ ವಲಯ. ಅದರ ಸುತ್ತ, ಮಿತವಾದ ಬಳಕೆಗೆ ಅವಕಾಶವಿರುವ ಬಫರ್ ವಲಯ. ಹೊರಗೆ, ಊರು ಹೊಲಗಳಿರುವ ಪರಿವರ್ತನ ವಲಯ. ಭಾರತದ ಮೊದಲ ಜೀವಗೋಳ ಮೀಸಲು ಪ್ರದೇಶವಾದ ನೀಲಗಿರಿ 1986ರಲ್ಲಿ ಘೋಷಣೆಯಾಯಿತು. ಕರ್ನಾಟಕ, ತಮಿಳುನಾಡು, ಕೇರಳಗಳಲ್ಲಿ ಹಬ್ಬಿರುವ ಇದರ ವಿಸ್ತೀರ್ಣ 5,520 ಚದರ ಕಿ.ಮೀ. ನಮ್ಮ ಬಂಡೀಪುರ, ನಾಗರಹೊಳೆ ಇದರೊಳಗೇ ಇವೆ. 2006ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಹುಲಿ ಮೀಸಲು ಪ್ರದೇಶಗಳ ಕೇಂದ್ರ, ಬಫರ್ ವಲಯಗಳಿಗೆ ಕಾನೂನಿನ ಬಲ ಕೊಟ್ಟಿತು.

ಆನೆಗೆ ರಾಜ್ಯದ ಗಡಿ ತಿಳಿಯದು, ನಕ್ಷೆ ಓದಲೂ ಬಾರದು. ನೀರು ಮೇವು ಎತ್ತಲೋ ದಾರಿಯೂ ಅತ್ತಲೇ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದು ಇದೇ ಕಾರಣಕ್ಕೆ. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ವಿನಾಯಿತಿಯುಂಟು. ವ್ಯಾಪಾರಕ್ಕೆ ತೊಂದರೆಯೆಂಬ ದೂರು ಒಂದು ಕಡೆ, ಪ್ರಾಣಿಗಳ ಜೀವ ಇನ್ನೊಂದು ಕಡೆ.

ಗೆರೆಯೊಳಗೆ ಮನುಷ್ಯರೂ ಇರುತ್ತಾರೆ. ತಲೆಮಾರುಗಳಿಂದ ಬಿಳಿಗಿರಿರಂಗನ ಬೆಟ್ಟದಲ್ಲಿ ಬಾಳಿದ ಸೋಲಿಗರಿಗೆ, ಆ ಕಾಡು ಹುಲಿ ಮೀಸಲು ಪ್ರದೇಶವಾದ ಮೇಲೂ, 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಅವರಿಗೆ ಕಾಡಿನ ಪರಿಚಯ ನಕ್ಷೆಗಿಂತ ಹಳೆಯದು. ಗೆರೆಯ ಆಚೆ, ಒಂದೇ ರಾತ್ರಿಯಲ್ಲಿ ಆನೆ ತುಳಿದ ರಾಗಿ ಹೊಲದ ಮುಂದೆ ನಿಂತ ರೈತನಿದ್ದಾನೆ. ಅವನಿಗೆ ಪರಿಹಾರ ಸಕಾಲಕ್ಕೆ ಸಿಗದಿದ್ದರೆ ಬಫರ್ ವಲಯ ಕಾಗದದ ಮೇಲಷ್ಟೇ ಉಳಿಯುತ್ತದೆ. ಕಾಡಿನ ಗಡಿ ಕಾಯುವುದು ಕಂದಕ, ಬೇಲಿಗಳಿಂದ ಮಾತ್ರ ಆಗುವ ಕೆಲಸವಲ್ಲ. ಅಂಚಿನಲ್ಲಿರುವವರ ಒಪ್ಪಿಗೆಯೂ ಬೇಕು.

ವಿದ್ಯಾರ್ಥಿಗಳಿಗೊಂದು ಲೆಕ್ಕ: 100 ಚದರ ಕಿ.ಮೀ. ಕಾಡು 20 ಕಿ.ಮೀ. ಉದ್ದ, 5 ಕಿ.ಮೀ. ಅಗಲವಿದ್ದರೆ ಒಳಗಾಡು ಎಷ್ಟು ಉಳಿಯುತ್ತದೆ? ವೃತ್ತಾಕಾರವಾಗಿದ್ದರೆ? ಮನೆಯಲ್ಲಿ ಹಿರಿಯರೊಂದಿಗೆ ಕುಳಿತು ಬಿಡಿಸಿ. ಸಿಕ್ಕ ಉತ್ತರಗಳನ್ನು 64ರ ಜೊತೆ ಹೋಲಿಸಿ ನೋಡಿ.