ತೆರೆಯದೆ ಓದುವ ಕಣ್ಣು

ಬಸವಕಲ್ಯಾಣದ ಹೆಸರು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ಹನ್ನೆರಡನೆಯ ಶತಮಾನದ ವಚನಗಳು. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದಾಗ, ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದು ಪರಂಪರೆಯ ಮಾತು. ಮುಂದೆ ಶತಮಾನಗಳ ಕಾಲ ಆ ನುಡಿಗಳು ತಾಡವೋಲೆಯ ಪ್ರತಿಗಳಲ್ಲಿ ಉಳಿದುಬಂದವು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅಂತಹ ಓಲೆಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು.

ಓಲೆಗರಿಗೆ ಶತ್ರುಗಳು ಮೂರು: ಹುಳು, ತೇವ ಮತ್ತು ಅವಸರದ ಕೈ. ತೇವ ತಗುಲಿದ ಗರಿಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗುತ್ತವೆ. ಬಲವಂತದಿಂದ ಬಿಡಿಸಹೋದರೆ ಗರಿ ಮುರಿಯುತ್ತದೆ. ಗರಿಯೊಡನೆ ಸಾಲೂ ಹೋಗುತ್ತದೆ. ಹಾಗಾದರೆ ಕಟ್ಟನ್ನು ತೆರೆಯದೆಯೇ ಒಳಗಿನ ಅಕ್ಷರವನ್ನು ಕಾಣುವ ಉಪಾಯವುಂಟೆ?

ಉಪಾಯದ ಸುಳಿವು ಟೆರಾಹರ್ಟ್ಸ್ ಅಲೆಗಳಲ್ಲಿದೆ. ರೇಡಿಯೋ ಬಳಗದ ಮೈಕ್ರೋ ಅಲೆಗಳಿಗೂ ಬಿಸಿಲಿನ ಕಾವಿನಲ್ಲಿರುವ ಅವಗೆಂಪು ಕಿರಣಗಳಿಗೂ ನಡುವಿನ ಅಲೆಗಳಿವು. ಒಂದು ಟೆರಾಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಕಂಪನಗಳು. ಅಂತಹ ಅಲೆಯ ಉದ್ದ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು. ಕ್ಷ-ಕಿರಣದಂತೆ ಇವು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೊಗೆಯುವುದಿಲ್ಲ.

ಇವುಗಳ ಸ್ವಭಾವವನ್ನು ಬಸವಕಲ್ಯಾಣದ ನೆರೆಯ ಹುಮನಾಬಾದಿನ ಅಂಗಡಿಯಲ್ಲಿ ಕಟ್ಟಿಕೊಟ್ಟ ತೊಗರಿಬೇಳೆಯ ಪೊಟ್ಟಣದಿಂದ ತಿಳಿಯಬಹುದು. ಈ ಅಲೆಗಳಿಗೆ ಒಣ ಕಾಗದ ಬಹುಮಟ್ಟಿಗೆ ತೆರೆದ ಬಾಗಿಲು. ಒಳಗೆ ತೇವವಿದ್ದರೆ ನೀರು ಅವನ್ನು ಹೀರಿಕೊಳ್ಳುತ್ತದೆ. ಲೋಹದ ಚೂರಿದ್ದರೆ ಅವು ಹಿಂದಿರುಗುತ್ತವೆ. ಹೀಗೆ ಪೊಟ್ಟಣ ಬಿಚ್ಚದೆಯೇ ಒಳಗಿನ ಭೇದ ತಿಳಿಯುತ್ತದೆ. 1995ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೂ ಮತ್ತು ನುಸ್ ಎಂಬ ವಿಜ್ಞಾನಿಗಳು ಹಸಿ ಎಲೆಯೊಂದು ಬಾಡುತ್ತ ಹೋದುದನ್ನು ಈ ಅಲೆಗಳಿಂದಲೇ ಚಿತ್ರಿಸಿದರು. 2016ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಒಂದರ ಮೇಲೊಂದು ಇರಿಸಿದ ಹಾಳೆಗಳಲ್ಲಿ ಮೇಲಿನ ಒಂಬತ್ತರ ಅಕ್ಷರಗಳನ್ನು ಹಾಳೆ ಬಿಡಿಸದೆಯೇ ಗುರುತಿಸಿದರು.

ಇಷ್ಟಾದರೂ ಈ ಅಲೆಗಳನ್ನು ಹಿಡಿಯುವುದು ಸುಲಭವಲ್ಲ. ಇವುಗಳ ವೇಗದ ಕಂಪನಕ್ಕೆ ಸಾಮಾನ್ಯ ವಿದ್ಯುನ್ಮಾನ ಉಪಕರಣಗಳು ಏದುಸಿರು ಬಿಡುತ್ತವೆ. ಬೆಳಕನ್ನು ಹಿಡಿಯುವ ಸಾಧನಗಳಿಗೆ ಇವುಗಳ ಶಕ್ತಿ ತೀರ ಅಲ್ಪ. ಇಲ್ಲಿ ನೆರವಿಗೆ ಬಂದದ್ದು ಗ್ರಾಫೀನ್. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟಿನ ಒಂದೇ ಒಂದು ಪದರವಿದು; ಒಂದು ಮಿಲಿಮೀಟರ್ ಗ್ರಾಫೈಟಿನಲ್ಲಿ ಇಂತಹ ಸುಮಾರು 30 ಲಕ್ಷ ಪದರಗಳುಂಟು. ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಇದನ್ನು ಅಂಟುಪಟ್ಟಿಯಿಂದ ಸುಲಿದು ತೆಗೆದು, 2004ರಲ್ಲಿ ಲೋಕಕ್ಕೆ ಸಾರಿದರು. 2010ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಸಂಗಡಿಗರು 2008ರಲ್ಲಿ ಗ್ರಾಫೀನ್ ಟ್ರಾನ್ಸಿಸ್ಟರೊಂದರಲ್ಲಿ ವಿದ್ಯುತ್ಕಣಗಳ ಏರಿಳಿತವನ್ನು ರಾಮನ್ ಪರಿಣಾಮದಿಂದ ಅಳೆದು ತೋರಿಸಿದರು.

ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತು ಒಳಬರುವ ತುದಿ, ಹೊರಹೋಗುವ ತುದಿ, ನಡುವೆ ಹರಿವನ್ನು ಹೆಚ್ಚುಕಡಮೆ ಮಾಡುವ ಬಾಗಿಲು ಎಂದು ಮೂರು ಅಂಗಗಳಿರುತ್ತವೆ. ಪುಟ್ಟ ಆಂಟೆನಾ ಹಿಡಿದ ಟೆರಾಹರ್ಟ್ಸ್ ಅಲೆ ಈ ಹಾದಿಯನ್ನು ತೂಗಾಡಿಸುತ್ತದೆ. ತೂಗಾಟದ ಎರಡು ದಿಕ್ಕುಗಳಿಗೂ ಹಾದಿ ಸಮನಾಗಿ ಸ್ಪಂದಿಸದ ಕಾರಣ, ಕೊನೆಗೆ ಸಣ್ಣದೊಂದು ಸ್ಥಿರ ವೋಲ್ಟೇಜು ಉಳಿಯುತ್ತದೆ. ಅದನ್ನು ಅಳೆದರೆ ಆ ಬಿಂದುವಿಗೆ ಎಷ್ಟು ಅಲೆ ಬಂದಿತೆಂಬುದು ತಿಳಿಯುತ್ತದೆ. ಬಿಂದು ಬಿಂದು ಸೇರಿಸಿದರೆ ಚಿತ್ರ.

ಗ್ರಾಫೀನಿನ ಇನ್ನೊಂದು ಗುಣ ಬಾಗುವಿಕೆ. ಹುಮನಾಬಾದಿನ ಮೂಲಕ ಸಾಗುವ ಬೀದರ–ಕಲಬುರಗಿ ರೈಲುಮಾರ್ಗ ಲೋಕಾರ್ಪಣೆಗೊಂಡ 2017ರಲ್ಲಿಯೇ, ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಹಾಳೆಯ ಮೇಲೆ ಗ್ರಾಫೀನ್ ಟ್ರಾನ್ಸಿಸ್ಟರ್ ರಚಿಸಿ, 330ರಿಂದ 500 ಗಿಗಾಹರ್ಟ್ಸ್ ಅಲೆಗಳನ್ನು ಹಿಡಿದರು. ಸೊಟ್ಟಗಾದ ಓಲೆಯನ್ನು ನೇರ ಮಾಡಹೋದರೆ ಅದು ಮುರಿದೀತು. ಆದ್ದರಿಂದ ಕಣ್ಣೇ ಓಲೆಗೆ ತಕ್ಕಂತೆ ಬಾಗುವುದು ಲೇಸು. ಮನುಷ್ಯನ ಮೈಗೂ ಯಂತ್ರದ ಕೊಳವೆಗೂ ಇದೇ ಮಾತು ಸಲ್ಲುತ್ತದೆ.

ಹಾಗೆಂದು ನಾಳೆಯೇ ಅಂಟಿದ ಓಲೆಗಳೆಲ್ಲ ಮಾತನಾಡುವುವೆಂದು ತಿಳಿಯಬಾರದು. 500 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 0.6 ಮಿಲಿಮೀಟರ್; ಕಂಟದಿಂದ ಗೀರಿದ ಅಕ್ಷರದ ಗೆರೆ ಅದಕ್ಕಿಂತ ಸಣ್ಣದಿರಬಹುದು. ಅಂತಹ ಗೆರೆಯನ್ನು ಬಿಡಿಸಿ ಕಾಣಲು ಇನ್ನೂ ಕಿರಿದಾದ ಅಲೆಗಳನ್ನು ಹಿಡಿಯುವ ಸಾಧನಗಳು ಬೇಕು. ಬೇಗನೆ ಚಿತ್ರ ಮೂಡಬೇಕಾದರೆ ಅಂತಹ ಬಿಂದುಗಳು ಸಾವಿರಾರು ಒಟ್ಟಿಗೆ ಇರಬೇಕು. ತೇವ ಉಳಿದಿರುವ ಕಟ್ಟಿನೊಳಗೆ ಅಲೆ ಆಳಕ್ಕೆ ಇಳಿಯುವುದೂ ಇಲ್ಲ.

ಓಲೆಯ ಗೀರಿಗೆ ಹಿಂದಿನವರು ಸವರಿದ ದೀಪದ ಮಸಿಯೂ ಇಂಗಾಲವೇ, ಗ್ರಾಫೀನೂ ಇಂಗಾಲವೇ. ಒಂದು ಇಂಗಾಲ ಬರೆದುದನ್ನು ಇನ್ನೊಂದು ಓದುವ ದಿನ ಬರುವವರೆಗೆ ಮಾಡಬೇಕಾದ ಕೆಲಸ ಸರಳವಾದುದು. ಅಟ್ಟದ ಮೇಲೆ ಹಿರಿಯರ ಓಲೆಕಟ್ಟು ಇರುವ ಮನೆಯವರು ಅಂಟಿದ ಗರಿಗಳಿಗೆ ಚಾಕು ತಾಗಿಸದಿರಲಿ, ನೀರು ಸೋಕಿಸದಿರಲಿ. ಒಣ ಜಾಗದಲ್ಲಿ ಬಟ್ಟೆ ಸುತ್ತಿ ಇರಿಸಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಹಸ್ತಪ್ರತಿ ಭಂಡಾರದ ತಜ್ಞರಿಗೆ ತೋರಿಸಲಿ. ಮುಚ್ಚಿದ ಕಟ್ಟನ್ನು ಮುಂದೆ ಓದುವವರು ಬಂದಾರು. ಮುರಿದು ಪುಡಿಯಾದ ಗರಿಯನ್ನು ಯಾವ ಅಲೆಯೂ ಓದಲಾರದು.